ಮರೆವಿನ ಕಾಯಿಲೆಯ ಹಿರಿಯರಿಗೆ ಆಪರೇಷನ್: ಮೂಳೆಯ ಜೊತೆ ತಲೆಯನ್ನೂ ಉಳಿಸಿಕೊಂಡು ಮನೆಗೆ ಕರೆತರುವ ಕ್ರಮ

"ಆಪರೇಷನ್ ಚೆನ್ನಾಗಾಯ್ತು, ಎಕ್ಸ್‌ರೇನೂ ಸರಿ ಇದೆ. ಆದ್ರೆ ಅಮ್ಮ ನಮ್ಮನ್ನ ಗುರುತೇ ಹಿಡೀತಿಲ್ಲ."

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಈ ಮಾತಿನ ಫೋನು ನನಗೆ ಬರುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಅಂಗಳದ ಪಾಚಿ, ಬಚ್ಚಲಿನ ಒದ್ದೆ ನೆಲ, ಕರೆಂಟಿಲ್ಲದ ರಾತ್ರಿ ಸೇರಿದರೆ ಸೊಂಟದ ಮೂಳೆ ಮುರಿಯಲು ಬೇರೇನೂ ಬೇಡ. ಆಸ್ಪತ್ರೆಗೆ ಓಡುತ್ತಾರೆ, ದುಡ್ಡು ಹೊಂದಿಸುತ್ತಾರೆ, ರಕ್ತ ಹೊಂದಿಸುತ್ತಾರೆ. ಮೂಳೆಗೆ ಆಗಬೇಕಾದ್ದೆಲ್ಲ ಆಗುತ್ತದೆ, ತಲೆಗೆ ಏನೂ ಆಗುವುದಿಲ್ಲ. ಮೂರನೇ ದಿನ ಗಾಬರಿಯಾಗಿ ಫೋನು ಮಾಡುತ್ತಾರೆ. ಆ ಫೋನು ಆಪರೇಷನ್ನಿಗೆ ಮೊದಲೇ ಬಂದಿದ್ದರೆ ನಾನು ಹೇಳುತ್ತಿದ್ದದ್ದು ಇಷ್ಟು. ನಾನು ಡಾಕ್ಟರಲ್ಲ. ಅಮ್ಮನನ್ನು ಎರಡು ಆಪರೇಷನ್ ದಾಟಿಸಿದವಳು. ಮೊದಲನೆಯದರಲ್ಲಿ ಮಾಡಬಹುದಾದ ತಪ್ಪುಗಳನ್ನೆಲ್ಲ ಮಾಡಿದೆ.

## ಶುರು ಮಾಡುವ ಮೊದಲು: ಅರಳುಮರಳು ಬೇರೆ, ಸನ್ನಿ ಬೇರೆ

ಈ ಎರಡನ್ನು ಒಂದೇ ಎಂದುಕೊಳ್ಳುವುದರಿಂದಲೇ ಮುಂದಿನ ತಪ್ಪುಗಳೆಲ್ಲ ಹುಟ್ಟುತ್ತವೆ.

ಡಿಮೆನ್ಷಿಯಾ, ನಮ್ಮ ಕಡೆಯ ಮಾತಲ್ಲಿ ಅರಳುಮರಳು, ತಿಂಗಳು ವರ್ಷಗಳ ಲೆಕ್ಕದಲ್ಲಿ ನಿಧಾನವಾಗಿ ಬರುವಂಥದ್ದು. ಜ್ವರ ನೆತ್ತಿಗೇರಿ ಬಡಬಡಿಸುವುದಕ್ಕೆ ಹಳಬರು ಸನ್ನಿ ಅನ್ನುತ್ತಿದ್ದರು. ಆಸ್ಪತ್ರೆಯವರು ಡೆಲಿರಿಯಂ ಅನ್ನುವುದು ಅದಕ್ಕೇ. ಅದು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ ಬಂದುಬಿಡುತ್ತದೆ. ಏರಿಳಿತ ಅದರ ಗುರುತು: ಬೆಳಿಗ್ಗೆ ನೆಟ್ಟಗೆ ಮಾತಾಡಿದವರು ಸಂಜೆಗೆ ಗೋಡೆ ಮೇಲೆ ಇರುವೆ ಹರಿಯುತ್ತಿದೆ ಅನ್ನುತ್ತಾರೆ. ಮರೆವು ಇರುವವರಿಗೆ ಸನ್ನಿ ಬರುವ ಅಪಾಯ ಉಳಿದವರಿಗಿಂತ ಹೆಚ್ಚು. ಬಂದು ಹೋದ ಮೇಲೆ ಮರೆವು ಮೊದಲಿಗಿಂತ ಜೋರಾಗಿ ಇಳಿಜಾರು ಹಿಡಿಯುವುದೂ ಉಂಟು. "ಆಪರೇಷನ್ ಆದಮೇಲೆ ತಲೆ ಪೂರ್ತಿ ಹೋಯ್ತು" ಎಂದು ಊರಲ್ಲಿ ಹೇಳುವ ಕಥೆಗಳ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಸನ್ನಿಗೆ ಕಾರಣಗಳಿರುತ್ತವೆ: ಸೋಂಕು, ನೋವು, ನೀರು ಕಡಿಮೆಯಾಗಿರುವುದು, ರಕ್ತದ ಉಪ್ಪಿನಂಶವಾದ ಸೋಡಿಯಂ ಇಳಿದಿರುವುದು, ಮೂತ್ರ ಕಟ್ಟಿರುವುದು, ಮಲಬದ್ಧತೆ, ನಿದ್ದೆ ಇಲ್ಲದಿರುವುದು, ಹೊಸ ಮಾತ್ರೆ. ಹುಡುಕಿದರೆ ಹೆಚ್ಚಿನವು ಸಿಗುತ್ತವೆ, ಸರಿಪಡಿಸಲೂ ಆಗುತ್ತದೆ. "ವಯಸ್ಸಾಯ್ತಲ್ಲ, ಹಂಗೇ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಹೇಳಿದವರು ಬಿಳಿ ಕೋಟು ಹಾಕಿದ್ದರೂ.

## ಹಂತ 1: ಕಾಯಬಹುದಾದ ಆಪರೇಷನ್ನೋ, ಕಾಯಬಾರದ್ದೋ

ಸೊಂಟದ ಮೂಳೆ ಮುರಿತ, ಸಿಕ್ಕಿಹಾಕಿಕೊಂಡ ಹರ್ನಿಯಾ, ಕರುಳಿನ ಅಡಚಣೆ ಇವು ಕಾಯುವಂಥವಲ್ಲ. ಸೊಂಟದ ಮುರಿತಕ್ಕೆ ಎರಡು ದಿನದೊಳಗೆ ಆಪರೇಷನ್ ಆದರೆ ಒಳ್ಳೆಯದು. ಒಂದೊಂದು ದಿನ ತಡವಾದಂತೆ ನೋವು, ನ್ಯುಮೋನಿಯಾ, ಹಾಸಿಗೆ ಹುಣ್ಣು, ಸನ್ನಿ ಎಲ್ಲದರ ಅಪಾಯ ಏರುತ್ತದೆ. ನಮ್ಮಲ್ಲಿ ತಡವಾಗುವುದಕ್ಕೆ ಕಾರಣಗಳು ಗೊತ್ತೇ ಇವೆ. ಬೆಂಗಳೂರಿನ ಮಗ ಬರಲಿ, ಅಮಾವಾಸ್ಯೆ ಕಳೆಯಲಿ, ಒಂದು ಸಲ ನಾಟಿ ಕಟ್ಟು ಹಾಕಿಸಿ ನೋಡೋಣ. ಕೈಮೂಳೆಗೆ ನಾಟಿ ಕಟ್ಟು ಹಾಕಿಸಿಕೊಂಡು ಸರಿಹೋದವರು ಊರಿಗೊಬ್ಬರಿರುತ್ತಾರೆ. ಸೊಂಟಕ್ಕೆ ಆ ಲೆಕ್ಕ ಹಿಡಿಯಬೇಡಿ. ಮಗ ಫೋನಿನಲ್ಲೇ ಒಪ್ಪಿಗೆ ಹೇಳಲಿ, ರೈಲು ಹತ್ತಿ ಆಮೇಲೆ ಬರಲಿ.

ಮಂಡಿ ಬದಲಾವಣೆಯಂಥದ್ದು ಕಾಯಬಹುದು. ಅಲ್ಲಿ ಡಾಕ್ಟರನ್ನು ಮೂರು ವಿಷಯ ಕೇಳಿ. ಮಾಡಿಸದಿದ್ದರೆ ಮುಂದಿನ ಆರು ತಿಂಗಳಲ್ಲಿ ಏನಾಗುತ್ತದೆ? ಮಾಡಿಸಿದ ಮೇಲೆ ಫಿಸಿಯೋ ಹೇಳಿದ್ದನ್ನು ನೆನಪಿಟ್ಟುಕೊಂಡು ಮಾಡುವ ಶಕ್ತಿ ಇವರಿಗೆ ಉಂಟೇ? ಚಿಕ್ಕದಾದ ಬೇರೆ ದಾರಿ ಇದೆಯೇ? ಎರಡನೆಯ ಪ್ರಶ್ನೆಯನ್ನು ಜನ ಕೇಳುವುದೇ ಇಲ್ಲ.

ಕಣ್ಣಿನ ಪೊರೆಯ ಮಾತು ಬೇರೆ. ಸಾಮಾನ್ಯವಾಗಿ ಕಣ್ಣಿಗಷ್ಟೇ ಮರಗಟ್ಟಿಸಿ ಮಾಡುವ ಚಿಕ್ಕ ಆಪರೇಷನ್ ಅದು. ಕಣ್ಣು ಕಾಣದಿರುವುದೇ ಗೊಂದಲ ಹೆಚ್ಚಿಸುತ್ತದೆ. "ಮರೆವಿದೆ, ಇನ್ನು ಪೊರೆ ತೆಗೆಸಿ ಏನು ಪ್ರಯೋಜನ" ಎಂದು ಕೂರುವುದು ತಪ್ಪು. ಅವರು ಅಷ್ಟು ಹೊತ್ತು ಅಲ್ಲಾಡದೆ ಮಲಗಬಲ್ಲರೇ ಎಂಬುದನ್ನು ಮಾತ್ರ ಮೊದಲೇ ಡಾಕ್ಟರಿಗೆ ಹೇಳಿ.

## ಹಂತ 2: ಒಂದು ಹಾಳೆ ಬರೆಯಿರಿ

ಇದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಅರ್ಧ ಕೆಲಸ. ಆಸ್ಪತ್ರೆಯವರು ನಿಮ್ಮ ಅಪ್ಪನನ್ನು ನೋಡುವುದು ಮುರಿದ ಮೂಳೆಯೊಂದಿಗೆ, ನೋವಿನಲ್ಲಿ, ಹಲ್ಲಿನ ಸೆಟ್ಟಿಲ್ಲದೆ. ಅವರು ಮೊದಲಿಂದಲೂ ಹೀಗೆಯೇ ಎಂದುಕೊಳ್ಳುತ್ತಾರೆ. ಮೊನ್ನೆಯವರೆಗೆ ಹೇಗಿದ್ದರು ಎನ್ನುವುದು ನಿಮಗೆ ಮಾತ್ರ ಗೊತ್ತು.

ಹಾಳೆಯಲ್ಲಿ ಇರಬೇಕಾದ್ದು: ಬೀಳುವ ಮೊದಲು ಸ್ವಂತ ಏನೇನು ಮಾಡುತ್ತಿದ್ದರು, ಯಾರ ಗುರುತು ಹಿಡಿಯುತ್ತಿದ್ದರು, ರಾತ್ರಿ ಎಷ್ಟು ಸಲ ಏಳುತ್ತಿದ್ದರು, ಯಾವ ಭಾಷೆ ಆಡುತ್ತಾರೆ, ಯಾವ ಹೆಸರಿಂದ ಕರೆದರೆ ತಿರುಗಿ ನೋಡುತ್ತಾರೆ. ಭಾಷೆಯ ವಿಷಯ ಚಿಕ್ಕದಲ್ಲ. ಮರೆವು ಬಲಿತಂತೆ ಜನ ಮನೆಮಾತಿಗೆ ಮರಳುತ್ತಾರೆ. ಹವ್ಯಕ ಕನ್ನಡವನ್ನೋ ಕೊಂಕಣಿಯನ್ನೋ ತುಳುವನ್ನೋ ಬ್ಯಾರಿಯನ್ನೋ ಮಾತ್ರ ಆಡುವ ಅಜ್ಜಿಗೆ ಬೇರೆ ಊರಿನ ಸಿಸ್ಟರ್ ಪುಸ್ತಕದ ಕನ್ನಡದಲ್ಲಿ "ಉಸಿರು ಎಳೆದುಕೊಳ್ಳಿ" ಎಂದರೆ ಅಜ್ಜಿ ಸುಮ್ಮನೆ ನೋಡುತ್ತಾರೆ. ಕೇಸ್ ಶೀಟಿನಲ್ಲಿ "ಮಾತಿಗೆ ಸ್ಪಂದಿಸುತ್ತಿಲ್ಲ" ಎಂದು ಬೀಳುತ್ತದೆ. ನೀರು, ನೋವು, ಒಂದಕ್ಕೆ, ಎರಡಕ್ಕೆ, ಸಾಕು, ಇಷ್ಟಕ್ಕೆ ಮನೆಮಾತಿನಲ್ಲಿ ಏನನ್ನುತ್ತಾರೆ ಎಂದು ಹಾಳೆಯ ಹಿಂದೆ ಬರೆದಿಡಿ.

ಮಾತ್ರೆಗಳ ಹೆಸರು ಬರೆಯುವುದಷ್ಟೇ ಅಲ್ಲ, ಮಾತ್ರೆಯ ಸ್ಟ್ರಿಪ್ಪುಗಳನ್ನೇ ಒಂದು ಚೀಲದಲ್ಲಿ ತೆಗೆದುಕೊಂಡು ಹೋಗಿ. ಕಷಾಯ, ಲೇಹ್ಯ, ನಾಟಿ ಔಷಧಿ, ಮೆಡಿಕಲ್ ಶಾಪಿನಿಂದ ತಂದ ನಿದ್ದೆ ಮಾತ್ರೆ, ಎಲ್ಲವೂ. ವರ್ಷಗಟ್ಟಲೆ ಆಲ್‌ಪ್ರಜೋಲಾಮ್ ಎಂಬ ನಿದ್ದೆ ಮಾತ್ರೆ ನುಂಗುತ್ತಿದ್ದವರಿಗೆ ಆಸ್ಪತ್ರೆಯಲ್ಲಿ ಅದು ಒಮ್ಮೆಗೇ ನಿಂತರೆ ಅದೇ ಸನ್ನಿ ತರಬಹುದು.

ಇನ್ನೊಂದು ವಿಷಯವನ್ನು ಮನೆಯವರು ನಾಚಿಕೆಗೆ ಮುಚ್ಚಿಡುತ್ತಾರೆ: ಅಪ್ಪ ದಿನಾ ಎಷ್ಟು ಕುಡಿಯುತ್ತಾರೆ. ದಿನವೂ ಕುಡಿಯುವವರು ಬಿಟ್ಟರೆ ಎರಡು ಮೂರು ದಿನದಲ್ಲಿ ಜೀವಕ್ಕೇ ಕುತ್ತಾಗುವ ಸನ್ನಿ ಬರಬಹುದು. ಅದಕ್ಕೆ ಚಿಕಿತ್ಸೆಯೂ ಬೇರೆ. ಕವಳಕ್ಕೆ, ಅಂದರೆ ಎಲೆ ಅಡಿಕೆಗೆ, ಹೊಗೆಸೊಪ್ಪು ಹಾಕುವವರಿಗೂ ಅದು ತಪ್ಪಿದರೆ ಚಡಪಡಿಕೆ ಶುರುವಾಗುತ್ತದೆ. ನಮ್ಮ ಪಕ್ಕದ ಮನೆಯ ಅಜ್ಜ ವಾರ್ಡಿನಲ್ಲಿ ಎರಡು ದಿನ ಹೊದಿಕೆಯ ಮೇಲೆ ಇಲ್ಲದ ಅಡಿಕೆ ಸುಲಿಯುತ್ತಿದ್ದರು. ದಿನಕ್ಕೆ ಹತ್ತು ಹನ್ನೆರಡು ಕವಳ ಹಾಕುತ್ತಿದ್ದವರು ಎಂದು ಡಾಕ್ಟರಿಗೆ ಯಾರೂ ಹೇಳಿರಲಿಲ್ಲ. ಕದ್ದು ಕವಳ ಕೊಡಿ ಎಂದಲ್ಲ, ಹೇಳಿ ಎಂದಷ್ಟೆ. ಕೊರತೆ ತುಂಬುವ ದಾರಿ ಡಾಕ್ಟರಿಗೆ ಗೊತ್ತಿರುತ್ತದೆ.

ಕಾಯಬಹುದಾದ ಆಪರೇಷನ್ ಆದರೆ ಮನೆಯಲ್ಲೇ ಒಂದು ನಿಮಿಷದ ವಿಡಿಯೋ ಮಾಡಿಟ್ಟುಕೊಳ್ಳಿ: ಮಾತಾಡುವುದು, ಜಗಲಿಯಿಂದ ಒಳಗೆ ನಡೆಯುವುದು. ವಾರದ ಹೆಸರುಗಳನ್ನು ಹಿಂದಿನಿಂದ ಹೇಳಿಸಿ ನೋಡಿ, ಶನಿವಾರ, ಶುಕ್ರವಾರ, ಗುರುವಾರ ಹೀಗೆ. ಎಷ್ಟು ಹೇಳಿದರು ಎಂದು ಹಾಳೆಯಲ್ಲಿ ಗುರುತು ಹಾಕಿ. ಆಮೇಲೆ ಬೇಕಾಗುತ್ತದೆ.

## ಹಂತ 3: ಅನಸ್ತೇಷಿಯಾ ಡಾಕ್ಟರನ್ನು ಹಿಡಿದು ಮಾತಾಡಿ

ಸರ್ಜನ್ ಹತ್ತಿರ ಎಲ್ಲರೂ ಮಾತಾಡುತ್ತಾರೆ. ಅನಸ್ತೇಷಿಯಾ ಡಾಕ್ಟರು, ಅಂದರೆ ಆಪರೇಷನ್ನಿಗೆ ಮಂಪರು ಕೊಡುವವರು, ಯಾರು ಎಂದೇ ಹೆಚ್ಚಿನ ಮನೆಯವರಿಗೆ ಗೊತ್ತಿರುವುದಿಲ್ಲ. ಕೇಳಿ, ಐದು ನಿಮಿಷ ಸಿಕ್ಕರೂ ಸಾಕು.

ಮರೆವಿಗೆ ಡೊನೆಪೆಜಿಲ್ ಅಥವಾ ರಿವಾಸ್ಟಿಗ್ಮಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲು ಅದನ್ನು ಹೇಳಿ. ಸ್ನಾಯು ಸಡಿಲಿಸುವ ಕೆಲವು ಔಷಧಿಗಳ ಜೊತೆ ಅದಕ್ಕೆ ತಿಕ್ಕಾಟವಿದೆ. ನೀವಾಗಿ ಮಾತ್ರ ನಿಲ್ಲಿಸಬೇಡಿ. ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ ಇದ್ದರೆ ಅದರ ಮಾತ್ರೆ ಗಂಟೆಗೆ ಸರಿಯಾಗಿ ಬೀಳಬೇಕು ಎಂದು ಬರೆಸಿ.

"ಪೂರ್ತಿ ಮಂಪರು ಬೇಡ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿ, ತಲೆ ಉಳಿಯುತ್ತೆ" ಎಂದು ಜಗಳಕ್ಕೆ ನಿಲ್ಲುವವರಿದ್ದಾರೆ. ಮೊದಲ ಸಲ ನಾನೂ ನಿಂತಿದ್ದೆ. 2021ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಸೊಂಟದ ಮೂಳೆ ಮುರಿದ 1,600 ಜನರ ಮೇಲೆ ಇದನ್ನೇ ಹೋಲಿಸಿ ನೋಡಿದರು. ಎರಡೂ ಗುಂಪಿನಲ್ಲಿ ಸನ್ನಿ ಬಂದದ್ದು ಸುಮಾರು ಐದಕ್ಕೊಬ್ಬರಿಗೆ, ಹೆಚ್ಚುಕಡಿಮೆ ಸಮ. ಹಾಗಾಗಿ ಅದನ್ನು ಡಾಕ್ಟರ ತೀರ್ಮಾನಕ್ಕೆ ಬಿಡಿ. ನಿಮ್ಮ ಮಾತಿನ ಬಲವನ್ನು ಬೇರೆ ಕಡೆ ಖರ್ಚು ಮಾಡಿ:

ಪಟ್ಟಿಯಲ್ಲಿ ಮೊದಲ ಕೇಸ್ ಆಗಲಿ ಎಂದು ಕೇಳಿ. ಬೆಳಿಗ್ಗೆಯಿಂದ ಸಂಜೆ ನಾಲ್ಕರವರೆಗೆ ಖಾಲಿ ಹೊಟ್ಟೆಯಲ್ಲಿ ಮಲಗಿಸಿದರೆ ಆಪರೇಷನ್ನಿಗೆ ಮೊದಲೇ ಅರ್ಧ ತಲೆ ಕೆಟ್ಟಿರುತ್ತದೆ. ಗಟ್ಟಿ ಆಹಾರ 6 ಗಂಟೆ ಮೊದಲು ನಿಲ್ಲಿಸಿದರೂ ಬರೀ ನೀರನ್ನು 2 ಗಂಟೆ ಮೊದಲಿನವರೆಗೆ ಕೊಡಬಹುದು ಎಂಬುದು ಸಾಮಾನ್ಯ ನಿಯಮ. ಇವರಿಗೆ ಅದು ಆಗುತ್ತದೆಯೇ ಎಂದು ಕೇಳಿ, "ರಾತ್ರಿ ಹನ್ನೆರಡರಿಂದ ಏನೂ ಇಲ್ಲ" ಎಂಬ ಬೋರ್ಡಿನ ಮಾತನ್ನು ಹಾಗೇ ಒಪ್ಪಬೇಡಿ. ಹಾಗಂತ ಕೇಳದೆ ಕುಡಿಸಲೂ ಬೇಡಿ.

ನೋವಿಗೆ ಏನು ಕೊಡುತ್ತೀರಿ ಎಂದು ಕೇಳಿ. ಸೊಂಟದ ಮುರಿತಕ್ಕೆ ತೊಡೆಯ ನರಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟರೆ ಮಂಪರಿನ ನೋವಿನ ಔಷಧಿ ಕಡಿಮೆ ಸಾಕಾಗುತ್ತದೆ. ನೋವು ತಡೆಯುವುದೂ ಸನ್ನಿ ತಡೆಯುವುದೇ. "ಅಮ್ಮ ಗಟ್ಟಿಗಿತ್ತಿ, ನೋವು ಹೇಳಲ್ಲ" ಎನ್ನುವುದನ್ನು ಹೆಮ್ಮೆಯಿಂದ ಹೇಳಬೇಡಿ. ಹೇಳಲು ಬಾರದೆ ಇರಬಹುದು.

ಕನ್ನಡಕ, ಕಿವಿಯ ಮಿಷನ್ ಆಪರೇಷನ್ ಥಿಯೇಟರ್ ಬಾಗಿಲವರೆಗೆ ಇರಲಿ, ಎಚ್ಚರವಾದ ಕೂಡಲೇ ಮತ್ತೆ ಹಾಕಲಿ.

## ಹಂತ 4: ಬ್ಯಾಗಿಗೆ ಏನು ಹಾಕಬೇಕು

ಕನ್ನಡಕ, ಕಿವಿಯ ಮಿಷನ್ ಮತ್ತು ಅದರ ಸೆಲ್ಲು, ಹಲ್ಲಿನ ಸೆಟ್ಟು. ಮೂರಕ್ಕೂ ಹೆಸರಿನ ಚೀಟಿ ಅಂಟಿಸಿದ ಡಬ್ಬಿ. ದೊಡ್ಡ ಅಂಕಿಯ ಗಡಿಯಾರ. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್. ಅವರದೇ ಹಳೆಯ ಕಂಬಳಿ ಅಥವಾ ಶಾಲು, ತೊಳೆದದ್ದು. ಜಾರದ ಚಪ್ಪಲಿ. ಸಣ್ಣ ರಾತ್ರಿದೀಪ. ಅಳತೆ ಗುರುತಿರುವ ನೀರಿನ ಬಾಟಲಿ. ಒಂದು ನೋಟ್‌ಬುಕ್, ಪೆನ್ನು. ಚಿನ್ನ ಮನೆಯಲ್ಲಿರಲಿ.

ಕಾಯಲು ಸಮಯವಿದ್ದರೆ ವಾರ ಮೊದಲೇ ಕಿವಿಯ ಗುಗ್ಗೆ ತೆಗೆಸಿ. ಖರ್ಚಿಲ್ಲದ ಕೆಲಸ, ಆದರೆ ಎಷ್ಟೋ ಹಿರಿಯರಿಗೆ ಅರ್ಧ ಗೊಂದಲ ಅದರಿಂದಲೇ.

## ಹಂತ 5: ಕೂರುವವರ ಸರದಿ ಹಾಕಿ

ಆಪರೇಷನ್ ಆದ ಮೇಲಿನ ಮೊದಲ ಮೂರು ರಾತ್ರಿ ಅಪಾಯದ ಕಾಲ. ಆ ಮೂರು ರಾತ್ರಿಯೂ ಹಾಸಿಗೆಯ ಪಕ್ಕ ಅವರು ಗುರುತಿಸುವ ಮುಖ ಇರಬೇಕು. ನಮ್ಮಲ್ಲಿ ಏನಾಗುತ್ತದೆ ಎಂದರೆ, ಹಗಲು ಹತ್ತು ಜನ ಬಂದು ಹೋಗುತ್ತಾರೆ, ರಾತ್ರಿ ಒಬ್ಬಳೇ ಸೊಸೆ. ಮೂರನೇ ದಿನಕ್ಕೆ ಆಕೆಗೇ ತಲೆ ಸುತ್ತುತ್ತಿರುತ್ತದೆ. ತಿರುಗುಮುರುಗು ಮಾಡಿ. ಹಗಲಿಗೆ ಇಬ್ಬರು ಸರದಿಯಲ್ಲಿ, ರಾತ್ರಿಗೆ ನಿದ್ದೆ ಮಾಡಿ ಬಂದ ಒಬ್ಬರು. ಗಂಡಸರನ್ನು ಕ್ಯಾಂಟೀನಿನ ಕಾಫಿ ತರಲು ಮಾತ್ರ ಇಟ್ಟುಕೊಳ್ಳಬೇಡಿ, ರಾತ್ರಿ ಸರದಿ ಅವರಿಗೂ ಬರಲಿ.

ವಾರ್ಡಿನಲ್ಲಿ ಒಬ್ಬರಿಗೇ ಪಾಸು ಎಂಬ ನಿಯಮ ಸರಿಯೇ. ಐಸಿಯುಗೆ ಬಿಡುವುದಿಲ್ಲ ಎಂದರೆ ಜಗಳ ಬೇಡ. ಮರೆವಿನ ಕಾಯಿಲೆಯಿದೆ ಎಂದು ಹಾಳೆ ತೋರಿಸಿ, ಬೆಳಿಗ್ಗೆ ಸಂಜೆ ಹದಿನೈದು ನಿಮಿಷ ಕೇಳಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಆಗಲಿ, ಘಾಟಿ ಇಳಿದು ಮಣಿಪಾಲವಾಗಲಿ, ಕೇಳುವ ಕ್ರಮ ಒಂದೇ: ಡ್ಯೂಟಿ ಡಾಕ್ಟರು, ವಾರ್ಡಿನ ಸಿಸ್ಟರ್ ಇನ್‌ಚಾರ್ಜ್, ಆಮೇಲೆ ಮೇಲಿನವರು.

## ಹಂತ 6: ಹಾಸಿಗೆಯ ಪಕ್ಕದ ದಿನಚರಿ

ಇಲ್ಲಿ ನಿಧಾನವಾಗಿ ಓದಿ. ಜೊತೆಗೆ ಕೂರುವವರು ಕಾವಲಿಗೆ ಕೂರುವುದಲ್ಲ, ಚಿಕಿತ್ಸೆಯ ಒಂದು ಭಾಗವೇ ಅವರು. 1999ರಲ್ಲಿ ಅಮೆರಿಕದ ಯೇಲ್‌ನಲ್ಲಿ 70 ದಾಟಿದ 852 ರೋಗಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಒಂದು ಗುಂಪಿಗೆ ದಿನಾ ಮಾತಾಡಿಸುವುದು, ನಡೆಸುವುದು, ಕನ್ನಡಕ ಹಾಕಿಸುವುದು, ಕೇಳುವ ಹಾಗೆ ಮಾಡುವುದು, ನೀರು ಕುಡಿಸುವುದು, ಮಾತ್ರೆಯಿಲ್ಲದೆ ನಿದ್ದೆ ಬರಿಸುವುದು. ಇಷ್ಟೇ. ಸನ್ನಿ ಬಂದವರು 15 ಶೇಕಡದಿಂದ ಸುಮಾರು 10 ಶೇಕಡಕ್ಕೆ ಇಳಿದರು. ಅವರು ಆಪರೇಷನ್ ವಾರ್ಡಿನವರಲ್ಲ, ಸಾಮಾನ್ಯ ವಾರ್ಡಿನವರು. ಆದರೆ ಆ ಕೆಲಸಗಳಲ್ಲಿ ಒಂದಕ್ಕೂ ಡಿಗ್ರಿ ಬೇಕಿಲ್ಲ ಎನ್ನುವುದನ್ನು ಗಮನಿಸಿ.

ಬೆಳಿಗ್ಗೆ. ಕಿಟಕಿ ಪರದೆ ತೆಗೆಯಿರಿ. ಮುಖ ತೊಳೆಸಿ ಕನ್ನಡಕ, ಮಿಷನ್, ಹಲ್ಲು ಈ ಕ್ರಮದಲ್ಲಿ ಹಾಕಿಸಿ. ಎದುರಿಗೆ ಕುಳಿತು ಹೇಳಿ: "ಅಮ್ಮ, ನಾನು ನಿನ್ನ ಮಗಳು. ಇದು ಶಿವಮೊಗ್ಗದ ಆಸ್ಪತ್ರೆ. ಬಿದ್ದು ಕಾಲು ಮುರಿದಿತ್ತು, ಸರಿ ಮಾಡಿದಾರೆ. ಇವತ್ತು ಗುರುವಾರ." ಹೇಳಬೇಕು, ಕೇಳಬಾರದು. "ನಾನ್ಯಾರು ಹೇಳು ನೋಡಣ?" ಎಂದು ನೋಡಲು ಬಂದವರೆಲ್ಲ ಪರೀಕ್ಷೆ ಮಾಡುತ್ತಾರಲ್ಲ, ಅದಕ್ಕಿಂತ ಕ್ರೂರವಾದದ್ದಿಲ್ಲ. ಉತ್ತರ ಗೊತ್ತಿಲ್ಲ ಎಂಬುದು ಅವರಿಗೆ ಗೊತ್ತಾಗುತ್ತದೆ, ಗಾಬರಿ ಏರುತ್ತದೆ. ಬಾಗಿಲಲ್ಲೇ ತಡೆದು ಹೇಳಿಬಿಡಿ: "ಒಳಗೆ ಹೋಗಿ ನಿಮ್ಮ ಹೆಸರು ನೀವೇ ಹೇಳಿ."

ಎಬ್ಬಿಸುವುದು. ಸರ್ಜನ್ ಬೇಡ ಎನ್ನದಿದ್ದರೆ ಮರುದಿನವೇ ಎಬ್ಬಿಸಿ ಕೂರಿಸುವುದು, ವಾಕರ್ ಹಿಡಿಸಿ ನಿಲ್ಲಿಸುವುದು ಆಗಬೇಕು. "ಪಾಪ ಮಲಗಿರಲಿ" ಎಂಬ ಪ್ರೀತಿ ಇಲ್ಲಿ ವಿಷ. ಮಲಗಿದಷ್ಟೂ ಸ್ನಾಯು ಕರಗುತ್ತದೆ, ಶ್ವಾಸಕೋಶದಲ್ಲಿ ಕಫ ಕಟ್ಟುತ್ತದೆ, ಹಗಲು ರಾತ್ರಿ ಒಂದಾಗುತ್ತದೆ. ಊಟ ಕುರ್ಚಿಯಲ್ಲೇ ಆಗಲಿ.

ನೀರು, ಊಟ. ಗಂಟೆಗೊಮ್ಮೆ ನಾಲ್ಕು ಗುಟುಕು, ಬಾಟಲಿಯ ಗುರುತು ನೋಡಿ ನೋಟ್‌ಬುಕ್ಕಿಗೆ. ಹೃದಯ, ಕಿಡ್ನಿ ತೊಂದರೆಗೆ ನೀರಿನ ಮಿತಿ ಹೇಳಿದ್ದರೆ ಅಷ್ಟೇ. ಎಷ್ಟೋ ಅಜ್ಜಿಯಂದಿರು ಒಂದಕ್ಕೆ ಹೋಗಬೇಕಾಗುತ್ತದೆ ಎಂದೇ ನೀರು ಮುಟ್ಟುವುದಿಲ್ಲ, ಹೇಳುವುದೂ ಇಲ್ಲ. ಮನೆಯ ಗಂಜಿ, ತಿಳಿಸಾರು ಬಿಡುತ್ತಾರಾದರೆ ತನ್ನಿ, ಪರಿಚಿತ ರುಚಿಗೆ ಬಾಯಿ ತೆರೆಯುತ್ತದೆ. ನೆಟ್ಟಗೆ ಕೂರಿಸಿಯೇ ತಿನ್ನಿಸಿ. ಮಲಗಿಸಿಕೊಂಡು ಗಂಜಿ ಹುಯ್ದರೆ ಶ್ವಾಸನಾಳಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ.

ಒಂದು, ಎರಡು. ಮೂತ್ರಕ್ಕೆ ಹಾಕಿದ ಪೈಪನ್ನು ಯಾವಾಗ ತೆಗೆಯುತ್ತೀರಿ ಎಂದು ದಿನಾ ಕೇಳಿ. ನಮಗೆ ಅನುಕೂಲ ಎಂದು ಅದು ಇರಲಿ ಎನ್ನಬೇಡಿ, ಸೋಂಕಿನ ದಾರಿ ಅದು. ತೆಗೆದ ಮೇಲೆ ಆರೇಳು ಗಂಟೆಯೊಳಗೆ ಸರಿಯಾಗಿ ಹೋಗದಿದ್ದರೆ ಸಿಸ್ಟರಿಗೆ ಹೇಳಿ. ಎರಡು ದಿನ ಹೊಟ್ಟೆ ಕಳೆಯದಿದ್ದರೂ ಹೇಳಿ. ನಡೆಯಬಲ್ಲವರಿಗೆ ಡೈಪರ್ ಹಾಕಿ ಮಲಗಿಸಿದರೆ ಶೌಚಾಲಯಕ್ಕೆ ಹೋಗುವ ಅಭ್ಯಾಸವೇ ತಪ್ಪಿಹೋಗುತ್ತದೆ.

ರಾತ್ರಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಸಾಕು. ಒಂಬತ್ತಕ್ಕೆ ದೊಡ್ಡ ದೀಪ ಆರಲಿ, ಸಣ್ಣದು ಇರಲಿ. ಫೋನು ಸೈಲೆಂಟ್. ಬೆಚ್ಚಗಿನ ಹಾಲು, ಕಾಲಿಗೆ ಎಣ್ಣೆ ತಿಕ್ಕುವುದು. ನಿದ್ದೆ ಬರದಿದ್ದರೆ ನಿದ್ದೆ ಮಾತ್ರೆ ಕೇಳುವ ಮೊದಲು ನೋವಿದೆಯೇ, ಒಂದಕ್ಕೆ ಹೋಗಬೇಕೇ, ಚಳಿಯೇ ನೋಡಿ. ತೀರಾ ಜರೂರಿಲ್ಲದ ರಾತ್ರಿ ಎರಡರ ಬಿಪಿ ಚೆಕ್ ಬಿಡಬಹುದೇ ಎಂದು ಸಿಸ್ಟರನ್ನು ಮೆಲ್ಲಗೆ ಕೇಳಿದರೆ ಕೆಲವೊಮ್ಮೆ ಒಪ್ಪುತ್ತಾರೆ.

## ಹಂತ 7: ಸನ್ನಿಯ ಸುಳಿವು ಹಿಡಿಯುವುದು

ಕಿರುಚಾಡಿ ಡ್ರಿಪ್ ಕಿತ್ತು ಹಾಕುವ ಸನ್ನಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಮೌನದ ಸನ್ನಿಯನ್ನು ಯಾರೂ ಹಿಡಿಯುವುದಿಲ್ಲ. ಅಮ್ಮನ ಮೊದಲ ಆಪರೇಷನ್ನಿನ ಮೂರನೇ ದಿನ ಆಕೆ ಹಗಲಿಡೀ ಮಲಗಿದ್ದಳು. ಕರೆದರೆ ಕಣ್ಣು ತೆರೆದು ಮುಚ್ಚುತ್ತಿದ್ದಳು. "ಪಾಪ, ಆರಾಮಾಗಿ ನಿದ್ದೆ ಮಾಡ್ತಿದಾರೆ" ಎಂದು ನಾವು ಸಮಾಧಾನದಲ್ಲಿ ಕಾಫಿ ಕುಡಿದೆವು. ರಾತ್ರಿ ಪಾಳಿಯ ಹಿರಿಯ ಸಿಸ್ಟರ್ ಬಂದು ಕಿಬ್ಬೊಟ್ಟೆ ಮುಟ್ಟಿ ನೋಡಿ, "ಇವರು ಬೆಳಿಗ್ಗೆಯಿಂದ ಒಂದಕ್ಕೆ ಹೋಗಿದಾರಾ?" ಎಂದರು. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೂತ್ರ ಪೂರ್ತಿ ಕಟ್ಟಿತ್ತು. ನೋಟ್‌ಬುಕ್ ಇಡಿ ಎಂದು ಇಷ್ಟು ಹೇಳುತ್ತಿರುವುದು ಅದಕ್ಕೇ.

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಆಟದ ಹಾಗೆ ವಾರಗಳನ್ನು ಹಿಂದಿನಿಂದ ಹೇಳಿಸಿ. ಮನೆಯಲ್ಲಿ ನಾಲ್ಕು ಹೇಳುತ್ತಿದ್ದವರು ಇಲ್ಲಿ ಎರಡನೆಯದಕ್ಕೇ ಎಲ್ಲೋ ನೋಡುತ್ತ ಕುಳಿತರೆ ಗಮನ ನಿಲ್ಲುತ್ತಿಲ್ಲ ಎಂದು ಅರ್ಥ. ಇದರ ಜೊತೆ ಕೆಳಗಿನ ಯಾವುದಾದರೂ ಒಂದು ಹೊಸದಾಗಿ ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ:

- ಹಗಲೆಲ್ಲ ತೂಕಡಿಕೆ, ಕರೆದರೆ ತಡವಾಗಿ ಓಗೊಡುವುದು
- ಹೊದಿಕೆ, ಪೈಪು, ಗಾಳಿಯಲ್ಲಿ ಏನೋ ಹೆಕ್ಕುವುದು
- ಇಲ್ಲದವರನ್ನು ಕಂಡು ಮಾತಾಡುವುದು, ನರ್ಸ್ ವಿಷ ಹಾಕುತ್ತಿದ್ದಾಳೆ ಎಂಬ ಅನುಮಾನ
- ಬೆಳಿಗ್ಗೆ ತಿಂದವರು ಸಂಜೆ ಬಾಯಲ್ಲಿ ಅನ್ನ ಇಟ್ಟುಕೊಂಡು ಮರೆಯುವುದು

ಒಂದು ತೊಡಕು ಇದೆ. ಡಾಕ್ಟರ ರೌಂಡ್ಸ್ ಬೆಳಿಗ್ಗೆ, ಸನ್ನಿ ಹೆಚ್ಚುವುದು ಸಂಜೆ ಮತ್ತು ರಾತ್ರಿ. ಅವರು ಬಂದಾಗ ಅಪ್ಪ "ನಮಸ್ಕಾರ ಡಾಕ್ಟ್ರೇ" ಎಂದು ಚೆನ್ನಾಗಿಯೇ ಮಾತಾಡುತ್ತಾರೆ, ನೀವು ಸುಳ್ಳುಗಾರರಾಗುತ್ತೀರಿ. ಗಂಟೆ ಸಮೇತ ಬರೆದಿಟ್ಟು ತೋರಿಸಿ. ಇಪ್ಪತ್ತು ಸೆಕೆಂಡಿನ ವಿಡಿಯೋ ಡಾಕ್ಟರಿಗೆ ಸಾಕು, ಮನೆಯವರ ವಾಟ್ಸಾಪ್ ಗುಂಪಿಗೆ ಬೇಡ.

ಹೇಳುವ ಮಾತೂ ಮುಖ್ಯ. "ಅಮ್ಮ ಯಾಕೋ ಸರಿಯಿಲ್ಲ" ಎಂದರೆ ತಲೆ ಆಡಿಸಿ ಹೋಗುತ್ತಾರೆ. "ಮರೆವು ಮೊದಲೇ ಇತ್ತು, ಆದರೆ ಇದು ನಿನ್ನೆ ಸಂಜೆ ಆರರಿಂದ ಹೊಸದು. ಡೆಲಿರಿಯಂ ಇರಬಹುದೇ?" ಎನ್ನಿ. ಆಕ್ಸಿಜನ್, ಸಕ್ಕರೆ, ಸೋಡಿಯಂ, ಮೂತ್ರ ಕಟ್ಟಿದೆಯೇ, ಸೋಂಕು, ನೋವು, ಮಲಬದ್ಧತೆ, ಹೊಸ ಮಾತ್ರೆ, ಇವನ್ನೆಲ್ಲ ನೋಡಿದಿರಾ ಎಂದು ಒಂದೊಂದಾಗಿ ಕೇಳಿ.

## ಹಂತ 8: ಬಂದೇಬಿಟ್ಟರೆ

ವಾದ ಮಾಡಬೇಡಿ. "ತೋಟಕ್ಕೆ ಮಂಗ ಬಂದಿದೆ, ಓಡಿಸ್ರೋ" ಎಂದು ಅಪ್ಪ ಹಾಸಿಗೆಯಿಂದ ಏಳುತ್ತಿದ್ದರೆ "ಮಂಗ ಎಲ್ಲಿದೆ, ಇದು ಆಸ್ಪತ್ರೆ" ಎಂದು ಗದರಿದರೆ ಜೋರಾಗುತ್ತದೆ. "ತಮ್ಮ ಓಡಿಸೋಕೆ ಹೋದ, ನೀವು ಕೂತ್ಕೊಳ್ಳಿ" ಎಂದರೆ ಇಳಿಯುತ್ತದೆ. ಇದು ಸುಳ್ಳಲ್ಲವೇ ಎಂದು ನನ್ನ ತಮ್ಮ ಕೇಳಿದ್ದ. ರಾತ್ರಿ ಎರಡು ಗಂಟೆಗೆ ನೀನೇ ಕೂತು ನೋಡು ಎಂದೆ.

ಕೈಕಟ್ಟಲು ಬಿಡಬೇಡಿ. ಕಟ್ಟಿದರೆ ಗಾಬರಿ ಏರಿ ಇನ್ನಷ್ಟು ಕೊಸರಾಡುತ್ತಾರೆ, ಪೆಟ್ಟಾಗುತ್ತದೆ. "ನಾನು ಪಕ್ಕದಲ್ಲೇ ಕೂರ್ತೀನಿ, ಕಟ್ಟಬೇಡಿ" ಎನ್ನಿ. ಡ್ರಿಪ್ಪಿನ ಜಾಗಕ್ಕೆ ಬಟ್ಟೆ ಸುತ್ತಿ ಮರೆ ಮಾಡಿದರೆ ಎಷ್ಟೋ ಸಲ ಅದನ್ನು ಮರೆತುಬಿಡುತ್ತಾರೆ.

ಶಾಂತವಾಗಿಸುವ ಇಂಜೆಕ್ಷನ್ ಮೊದಲ ದಾರಿಯಲ್ಲ. ಅವರಿಗೋ ಬೇರೆಯವರಿಗೋ ಅಪಾಯ ಎಂದಾಗ ಮಾತ್ರ, ಕಡಿಮೆ ಪ್ರಮಾಣದಲ್ಲಿ. ಪಾರ್ಕಿನ್ಸನ್ ಅಥವಾ ಲೂಯಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾ ಇದ್ದರೆ ಶಾಂತವಾಗಿಸಲು ಕೊಡುವ ಹ್ಯಾಲೋಪೆರಿಡಾಲ್ ಅಪಾಯಕಾರಿ. ವಾಂತಿಗೆ ಕೊಡುವ ಮೆಟೋಕ್ಲೋಪ್ರಮೈಡ್ ಕೂಡ ಇವರಿಗೆ ಆಗದು. ಈ ಎರಡು ಹೆಸರನ್ನು ಹಾಳೆಯ ಮೇಲ್ಭಾಗದಲ್ಲಿ ಕೆಂಪು ಇಂಕಿನಲ್ಲಿ ಬರೆದಿಡಿ.

ಇನ್ನು, ಗಾಳಿ ಸೋಕಿದೆ, ಯಾರೋ ಮೆಟ್ಟಿಕೊಂಡಿದಾರೆ ಎನ್ನುವ ನೆಂಟರು ಇದ್ದೇ ಇರುತ್ತಾರೆ. ಹರಕೆ ಹೊತ್ತುಕೊಳ್ಳಿ, ಬೇಡ ಎನ್ನುವುದಿಲ್ಲ. ಸೋಡಿಯಂ ಪರೀಕ್ಷೆ ಆದಮೇಲೆ.

## ಹಂತ 9: ಡಿಸ್ಚಾರ್ಜಿನ ದಿನ

ಬಿಲ್ ಕಟ್ಟುವ ಗಡಿಬಿಡಿಯಲ್ಲಿ ಡಿಸ್ಚಾರ್ಜ್ ಸಮರಿಯನ್ನು ಯಾರೂ ಓದುವುದಿಲ್ಲ. ಮೂರು ವಿಷಯ ನೋಡಿ. ಆಸ್ಪತ್ರೆಯಲ್ಲಿ ಶುರು ಮಾಡಿದ ನಿದ್ದೆ ಮಾತ್ರೆ, ಶಾಂತಗೊಳಿಸುವ ಮಾತ್ರೆ ಪಟ್ಟಿಯಲ್ಲಿ ಉಳಿದಿದ್ದರೆ ಯಾವ ತಾರೀಕಿಗೆ ನಿಲ್ಲಿಸಬೇಕು ಎಂದು ಬರೆಸಿಕೊಳ್ಳಿ. ಇಲ್ಲವಾದರೆ ಊರಿನ ಮೆಡಿಕಲ್ ಶಾಪಿನವರು ವರ್ಷಗಟ್ಟಲೆ ಕೊಡುತ್ತ ಹೋಗುತ್ತಾರೆ. ಮನೆಯ ಹಳೆಯ ಮಾತ್ರೆಗಳು ಬಿಟ್ಟುಹೋಗಿವೆಯೇ ನೋಡಿ. "ಡೆಲಿರಿಯಂ" ಎಂಬ ಪದ ಸಮರಿಯಲ್ಲಿ ಬಂದಿದೆಯೇ ನೋಡಿ, ಇಲ್ಲದಿದ್ದರೆ ಸೇರಿಸಲು ಕೇಳಿ.

ಹೊರಡುವುದು ಬೆಳಿಗ್ಗೆಯಾದರೆ ಒಳ್ಳೆಯದು, ಬೆಳಕಿರುವಾಗಲೇ ಮನೆ ಸೇರಬೇಕು. ಮಣಿಪಾಲದಿಂದ ಆಗುಂಬೆ ಘಾಟಿ ಹತ್ತಿ ಬರುವವರು ಮಳೆಗಾಲದಲ್ಲಿ ದಾರಿ ಬಿಟ್ಟಿದೆಯೇ ಎಂದು ಮೊದಲೇ ವಿಚಾರಿಸಿ. ತಿರುವಿನಲ್ಲಿ ವಾಂತಿ ಬರದಿರಲಿ ಎಂದು ಅವೋಮಿನ್ ನುಂಗಿಸುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ಅದರಲ್ಲಿರುವುದು ಪ್ರೊಮೆಥಜೀನ್, ಮರೆವಿನ ಹಿರಿಯರ ತಲೆಗೆ ಅದು ಆಗಿಬರುವುದಿಲ್ಲ. ನೆಗಡಿ, ತುರಿಕೆಗೆ ಕೊಡುವ ಹಳೆಯ ತರಹದ ಮಂಪರು ಬರಿಸುವ ಮಾತ್ರೆ, ಸಿರಪ್ಪುಗಳದ್ದೂ ಇದೇ ಕಥೆ. ಮುಂದಿನ ಸೀಟು, ಖಾಲಿಯೂ ಅಲ್ಲದ ತುಂಬಿಯೂ ಇಲ್ಲದ ಹೊಟ್ಟೆ, ಎರಡು ಕಡೆ ನಿಲ್ಲಿಸುವ ತಾಳ್ಮೆ ಇದ್ದರೆ ಸಾಕು.

## ಹಂತ 10: ಮನೆಗೆ ಬಂದ ಮೇಲಿನ ಆರು ವಾರ

ಅನುಕೂಲ ಎಂದು ಮಹಡಿ ಕೋಣೆಗೋ ಹೊಸ ಕೋಣೆಗೋ ಹಾಕಬೇಡಿ. ಹಳೆಯ ಜಾಗ, ಹಳೆಯ ಮಂಚ, ಹಳೆಯ ಗೋಡೆಯ ಫೋಟೋ. ಬಚ್ಚಲ ದಾರಿಗೆ ಬ್ಯಾಟರಿ ದೀಪ, ಏಕೆಂದರೆ ಕರೆಂಟು ಹೋಗುವುದು ರಾತ್ರಿಯೇ. ಅಂಗಳದ ಪಾಚಿಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ. ಮೊದಲ ವಾರ ನೋಡಲು ಬರುವವರಿಗೆ ದಿನಕ್ಕೆ ಇಬ್ಬರು ಎಂಬ ಮಿತಿ ಹಾಕಿ, ಬೇಜಾರಾದರೆ ಆಗಲಿ.

ಸನ್ನಿ ಕೆಲವರಿಗೆ ಮೂರು ನಾಲ್ಕು ದಿನದಲ್ಲಿ ಇಳಿಯುತ್ತದೆ, ಕೆಲವರಿಗೆ ವಾರಗಳು, ಒಮ್ಮೊಮ್ಮೆ ತಿಂಗಳುಗಳೇ ಬೇಕಾಗುತ್ತವೆ. ಹಿಂದಿನ ಮಟ್ಟಕ್ಕೆ ಬಾರದೆ ಒಂದು ಮೆಟ್ಟಿಲು ಕೆಳಗೇ ನಿಲ್ಲುವವರೂ ಇದ್ದಾರೆ. ನನ್ನ ಅಮ್ಮ ಹಾಗೇ ನಿಂತಳು. ಆದರೆ ಎರಡನೇ ವಾರದಲ್ಲೇ "ಇನ್ನು ಇಷ್ಟೇ" ಎಂದು ಆಸ್ತಿ ಕಾಗದಕ್ಕೆ ಹೆಬ್ಬೆಟ್ಟು ಹಾಕಿಸಲು ಹೊರಡಬೇಡಿ. ಮೂರು ತಿಂಗಳು ಕಳೆದ ಮೇಲೆ ನರರೋಗದ ಅಥವಾ ಮನೋರೋಗದ ಡಾಕ್ಟರ ಹತ್ತಿರ ನೆನಪಿನ ಪರೀಕ್ಷೆ ಮಾಡಿಸಿ, ಆಗ ನಿಜವಾದ ಮಟ್ಟ ಗೊತ್ತಾಗುತ್ತದೆ. ನೋಡಿಕೊಳ್ಳುವವರಿಗೇ ತಲೆಕೆಟ್ಟರೆ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಹಿರಿಯರ ಸಹಾಯವಾಣಿ 14567. ಎರಡಕ್ಕೂ ದುಡ್ಡಿಲ್ಲ.

ಮನೆಯಲ್ಲಿ ಮತ್ತೆ ದಿಢೀರ್ ಗೊಂದಲ, ಜ್ವರ, ಏದುಸಿರು, ಹಗಲಿಡೀ ಎಬ್ಬಿಸಲಾಗದ ನಿದ್ದೆ, ಗಾಯದಿಂದ ಕೀವು ಕಂಡರೆ ಅದೇ ದಿನ ಆಸ್ಪತ್ರೆ. ರಾತ್ರಿಯಾದರೆ 108.

ಕೊನೆಯದಾಗಿ ಆ ಹಾಳೆಯನ್ನು ಎಸೆಯಬೇಡಿ. ಅದರ ಮೇಲೆ ತಾರೀಕು ಹಾಕಿ ಎರಡು ಸಾಲು ಸೇರಿಸಿ: ಯಾವ ಆಪರೇಷನ್ನಿನಲ್ಲಿ ಸನ್ನಿ ಬಂದಿತ್ತು, ಎಷ್ಟು ದಿನ ಇತ್ತು, ಕಾರಣ ಏನೆಂದು ಸಿಕ್ಕಿತು, ಯಾವ ಔಷಧಿಗೆ ಜಾಸ್ತಿಯಾಯಿತು. ಒಮ್ಮೆ ಬಂದವರಿಗೆ ಮುಂದಿನ ಸಲ ಬರುವುದು ಸುಲಭ. ನಮ್ಮ ಮನೆಯಲ್ಲಿ ಅದು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಲ್ಲೇ ಇದೆ. ಅಮ್ಮನ ಎರಡನೇ ಆಪರೇಷನ್ನಿಗೆ ಅನಸ್ತೇಷಿಯಾ ಡಾಕ್ಟರು ಮೊದಲು ಕೈಗೆ ತೆಗೆದುಕೊಂಡದ್ದು ಸ್ಕ್ಯಾನ್ ರಿಪೋರ್ಟನ್ನಲ್ಲ, ಅದನ್ನು.